ಮೀಸೆ ತೆಗೆದು ಕೇಳುವ ಪ್ರಶ್ನೆ

ಹೋದ ತಿಂಗಳು ಹೊಸಪೇಟೆಯಲ್ಲಿ ಮಗಳ ಶಾಲೆಯ ವೇಷಭೂಷಣ ಸ್ಪರ್ಧೆಗೆ ಹೋಗಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ ತನ್ನ ಮಗನಿಗೆ ಮೀಸೆ ಅಂಟಿಸಲು ಗೋಂದಿನ ಸೀಸೆಯ ಮುಚ್ಚಳ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಮೇಲ್ತುಟಿ ತಾನಾಗಿಯೇ ಬಿಗಿಯಿತು. ಬಣ್ಣದ ಮಾಸ್ತರು ನೆನಪಾದರು...

ಬಹಳ ವರ್ಷಗಳ ಹಿಂದೆ ನಾನು ನಮ್ಮೂರಿನ ಕೇಬಲ್ ಚಾನೆಲ್ಲೊಂದರಲ್ಲಿ ನಗೆ ಕಾರ್ಯಕ್ರಮ ನಡೆಸುತ್ತಿದ್ದೆ. ತಲೆಗೆ ರುಮಾಲು ಸುತ್ತಿ, ದಪ್ಪ ಮೀಸೆ ಅಂಟಿಸಿಕೊಂಡು, ಊರಗೌಡನ ಠೀವಿಯಲ್ಲಿ ಕೂತು, ಬಂದ ರಾಜಕಾರಣಿಗಳ ಕಾಲೆಳೆಯುವುದು ನನ್ನ ಕೆಲಸ. ಪ್ರತಿ ಭಾನುವಾರ ಬೆಳಿಗ್ಗೆ ನೇರ ಪ್ರಸಾರ. ನನಗೆ ಮೀಸೆ ಅಂಟಿಸುತ್ತಿದ್ದವರೇ ಮಾಸ್ತರು. ನಾಟಕ ಕಂಪನಿಯಲ್ಲಿ ಅರ್ಧ ಆಯುಷ್ಯ ಹಾಸ್ಯದ ಪಾತ್ರ ಮಾಡಿ, ಕಂಪನಿ ಮುಚ್ಚಿದ ಮೇಲೆ ಬಣ್ಣದ ಪೆಟ್ಟಿಗೆಯೊಂದನ್ನೇ ಉಳಿಸಿಕೊಂಡು ಬಂದವರು.

ಅವರದೊಂದು ಪದ್ಧತಿ ಇತ್ತು. ಕಂಪನಿ ಕಂಪ್ಲಿಯಲ್ಲಿ ಕ್ಯಾಂಪ್ ಹಾಕಿದರೆ, ಬೆಳಿಗ್ಗೆ ಇವರು ಸಂತೆಯಲ್ಲಿ, ಅಕ್ಕಿ ಗಿರಣಿಯ ಮುಂದೆ, ನಲ್ಲಿಯ ಹತ್ತಿರ ಸುಮ್ಮನೆ ಅಡ್ಡಾಡುತ್ತಿದ್ದರಂತೆ. ಊರವರ ಒಂದು ದೂರು ಹೆಕ್ಕಿಕೊಳ್ಳುವುದು. ನಾಟಕದಲ್ಲಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸಿ, ಕೊನೆಗೆ ಟೋಪಿ ತೆಗೆದು, ಮುಂದಿನ ಕುರ್ಚಿಯಲ್ಲಿ ಕೂತ ದೊಡ್ಡ ಮನುಷ್ಯರಿಗೆ ಆ ದೂರನ್ನು ನೇರವಾಗಿ ಕೇಳುವುದು. ಟೋಪಿ ತೆಗೆದರೆಂದರೆ ಹಾಸ್ಯ ಮುಗಿಯಿತೆಂದು ಜನಕ್ಕೆ ಗೊತ್ತಿತ್ತು.

"ದೊಡ್ಡವ್ರು ನಮ್ ಜೋಡಿ ಕುಂತು ನಕ್ರ, ಜನಕ್ಕ ಅವ್ರು ಭಾಳ ಒಳ್ಳೇವ್ರು ಅನ್ನಿಸಿಬಿಡ್ತೈತಿ. ಆ ಪುಕ್ಕಟೆ ಒಳ್ಳೇತನ ಕೊಟ್ಟು ಕಳಸಬ್ಯಾಡ ತಮ್ಮಾ. ಕಡೀಗೊಂದು ಕೇಳು," ಎನ್ನುತ್ತಿದ್ದರು.

ನನಗೆ ಟೋಪಿ ಇರಲಿಲ್ಲ, ಮೀಸೆ ಇತ್ತು. ಕಾರ್ಯಕ್ರಮದ ಕೊನೆಗೆ ಅದನ್ನು ಕಿತ್ತು ಮೇಜಿನ ಮೇಲಿಟ್ಟು ಒಂದು ಪ್ರಶ್ನೆ ಕೇಳಬೇಕೆಂದು ಅವರೇ ಕಲಿಸಿದರು. ಒಂದೇ ಎಳೆತಕ್ಕೆ ಬರಲೆಂದು ನನ್ನ ಮೀಸೆಗೆ ಗೋಂದು ತೆಳುವಾಗಿ ಹಚ್ಚುತ್ತಿದ್ದರು. ಪ್ರಶ್ನೆಯನ್ನೂ ಅವರೇ ಬಸ್ಸು ಹತ್ತಿ, ಊರೂರು ತಿರುಗಿ ತರುತ್ತಿದ್ದರು. ಚೀಟಿಯಲ್ಲಿ ಬರೆದು ನನ್ನ ರುಮಾಲಿನ ಒಳಮಡಿಕೆಗೆ ಪಿನ್ನು ಹಾಕುತ್ತಿದ್ದರು.

ಆ ಭಾನುವಾರ ಬರುವವರಿದ್ದುದು ಭಾರೀ ನಾಯಕರು. ಸಂಡೂರು ರಸ್ತೆಯ ಒಂದು ಊರಿನಲ್ಲಿ, ಶಾಲೆಯ ಎದುರು ಮಿರ್ಚಿ ಭಜಿ ಮಾರುವ ಹೆಂಗಸಿನಿಂದ ಮಾಸ್ತರು ಪ್ರಶ್ನೆ ತಂದಿದ್ದರು. ಶಾಲೆ ಬಿಡುವ ಹೊತ್ತಿಗೆ ಅದಿರಿನ ಲಾರಿಗಳನ್ನು ನಿಲ್ಲಿಸುತ್ತೇನೆಂದು ಆ ನಾಯಕರು ಅವಳ ಅಂಗಡಿ ಮುಂದೆಯೇ ನಿಂತು ಮಾತು ಕೊಟ್ಟಿದ್ದರು. ಲಾರಿಗಳು ನಿಂತಿರಲಿಲ್ಲ. ಮಕ್ಕಳು ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದರು. ಚೀಟಿಯಲ್ಲಿದ್ದದ್ದು ಇಷ್ಟೇ: "ಲಾರಿ ಯಾವಾಗ ನಿಲ್ಲಸ್ತೀರಿ?" ಇದನ್ನು ಕೇಳಿಸಿಯೇ ಕೇಳಿಸುತ್ತೇನೆಂದು ಮಾಸ್ತರು ಅವಳಿಗೆ ಮಾತು ಕೊಟ್ಟು ಬಂದಿದ್ದರು.

ನಾಯಕರು ಬಂದರು. ಆಹಾ, ಏನು ಮಾತು, ಏನು ನಗು! ನಾನು ಒಂದು ಕುಟುಕಿದರೆ ಅವರು ತಮ್ಮನ್ನೇ ಎರಡು ಕುಟುಕಿಕೊಳ್ಳುತ್ತಿದ್ದರು. ಕ್ಯಾಮೆರಾದವನು ನಗು ತಡೆಯಲಾರದೆ ಕ್ಯಾಮೆರಾ ಅಲುಗಾಡಿಸಿದ. ಕೊನೆಯ ಎರಡು ನಿಮಿಷ ಉಳಿದಾಗ ನಾನು ಮೀಸೆಗೆ ಕೈ ಹಾಕಿದೆ. ಅಷ್ಟರಲ್ಲಿ ಅವರೇ ಬಗ್ಗಿ, ಪಟ್ಟನೆ ನನ್ನ ಮೀಸೆ ಕಿತ್ತು, ತಮ್ಮ ತುಟಿಗೆ ಅಂಟಿಸಿಕೊಂಡು, "ಈಗ ಗೌಡ ಯಾರಪಾ? ಹೇಳು!" ಎಂದರು.

ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಲೇ ಕೈ ಮುಗಿದೆ. ಕಾರ್ಯಕ್ರಮ ಮುಗಿಯಿತು.

ಮಾಸ್ತರು ಕೊಬ್ಬರಿ ಎಣ್ಣೆ ಅದ್ದಿದ ಹತ್ತಿಯಿಂದ ನನ್ನ ತುಟಿಯ ಗೋಂದು ಒರೆಸಿದರು.

"ಇವತ್ತು ಮೀಸಿ ತೆಗ್ದವ ಯಾರು, ತಮ್ಮಾ?"

ಅಷ್ಟೇ ಕೇಳಿದರು. ನಿಜ ಹೇಳಬೇಕೆಂದರೆ ಆಗ ನನಗೆ ಸಿಟ್ಟೇ ಬಂದಿತ್ತು. ಊರೆಲ್ಲ ಹೊಗಳುತ್ತಿರುವಾಗ ಈ ಮುದುಕನದೊಂದು ರಗಳೆ ಅನ್ನಿಸಿತ್ತು. ಆ ವಾರವಿಡೀ ಹೋಟೆಲಿಗೆ ಹೋದರೆ ಚಹಾ ಪುಕ್ಕಟೆ. "ಎಂಥಾ ಸರಳ ಮನುಷ್ಯಾರೀ ಅವ್ರು!" ಎಂದು ಜನ ನಾಯಕರನ್ನು ಹೊಗಳುವಾಗ, ಅದು ನನ್ನದೇ ಹೊಗಳಿಕೆ ಎಂಬಂತೆ ಬೀಗಿದೆ.

ಮಾಸ್ತರು ಮೀಸೆ ಅಂಟಿಸಲು ಬರುತ್ತಲೇ ಇದ್ದರು. ಆದರೆ ಆಮೇಲೆ ಒಂದು ಚೀಟಿಯನ್ನೂ ತರಲಿಲ್ಲ. ಕೆಲವು ತಿಂಗಳಲ್ಲಿ ಕಾಯಿಲೆ ಬಿದ್ದರು. ತಪ್ಪಾಯಿತೆನ್ನಲು ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ದಿನ ನೂಕಿದೆ... ಕೊನೆಗೆ ಹೋದದ್ದು ಅವರ ಮಣ್ಣಿಗೆ.

ಶಾಲೆಯಿಂದ ಮನೆಗೆ ಬಂದವನೇ ಹಳೆಯ ರುಮಾಲು ಹುಡುಕಿ ತೆಗೆದೆ. ಪಿನ್ನು ತುಕ್ಕು ಹಿಡಿದಿತ್ತು. ಚೀಟಿ ಹಾಗೇ ಇತ್ತು. ಮರುದಿನ ಸಂಡೂರಿನ ಬಸ್ಸು ಹತ್ತಿದೆ.

ಅವಳು ಅಲ್ಲೇ ಮಿರ್ಚಿ ಕರಿಯುತ್ತಿದ್ದಳು, ತಲೆ ಪೂರ್ತಿ ನರೆತಿತ್ತು. ಮೀಸೆಯಿಲ್ಲದ ನನ್ನ ಗುರುತು ಹತ್ತಲಿಲ್ಲ. ಮಾಸ್ತರ ಹೆಸರೆತ್ತಿದ ಕೂಡಲೇ ಮುಖ ಅರಳಿತು.

"ಭಾಳ ಚಲೋ ಮನುಷ್ಯಾ ಯಪ್ಪಾ. ಓಣಿ ಮಂದೀನೆಲ್ಲ ಟೀವಿ ಮುಂದ ಕುಂದ್ರಿಸಿದ್ದೆ. ಕೇಳ್ಲೇ ಇಲ್ಲ. ಮರುದಿನ ಆತ ಇಲ್ಲೀತನ ಬಂದು ಕೈ ಮುಗಿದ. ತಪ್ಪು ನಂದವ್ವಾ, ಆ ಹುಡುಗಂಗ ಚೀಟಿ ಕೊಡೋದು ಮರೆತೆ ಅಂದ. ವಯಸ್ಸಾಗಿತ್ತಲ್ಲ, ಪಾಪ."

ನನ್ನ ಕಣ್ಣು ತುಂಬಿದವು. ಚೀಟಿ ತೆಗೆದು ಅವಳ ಮುಂದೆ ಹಿಡಿದೆ.

"ಅವ್ರು ಮರೆತಿದ್ದಿಲ್ಲವ್ವಾ. ಕೊಟ್ಟಿದ್ರು. ನಾನೇ ಕೇಳ್ಲಿಲ್ಲ."

ಓದಲು ಬಾರದ ಅವಳು ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ.

"ಹೋಗ್ಲಿ ಬಿಡು. ಈಗರ ಕೇಳ್ತೀಯೇನು?"

ಚಾನೆಲ್ ಮುಚ್ಚಿ ವರ್ಷಗಳಾಗಿವೆ. ನಾಯಕರು ನನ್ನ ಕೈಗೆ ಸಿಗುವ ಎತ್ತರದಲ್ಲಿಲ್ಲ. ಬೆನ್ನ ಹಿಂದೆ ನಿಂತು ಚೀಟಿ ಕೊಡಲು ಮಾಸ್ತರೂ ಇಲ್ಲ. ಇದನ್ನೆಲ್ಲ ಅವಳಿಗೆ ಹೇಗೆ ಹೇಳುವುದೆಂದು ತಡವರಿಸುತ್ತಿದ್ದಾಗಲೇ ಶಾಲೆಯ ಗಂಟೆ ಹೊಡೆಯಿತು. ಅವಳು ಚೀಟಿಯನ್ನು ನನ್ನ ಕೈಗೇ ವಾಪಸ್ ಕೊಟ್ಟು, ಮಿರ್ಚಿ ಎತ್ತುವ ಜಾರಿ ಸೌಟು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಯ ನಡುವೆ ಹೋದಳು. ಕೆಂಪು ಧೂಳೆಬ್ಬಿಸುತ್ತಾ ಬರುತ್ತಿದ್ದ ಲಾರಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. ಮಕ್ಕಳು ದಾಟಿದರು.