ಆರ್ಡಿತ್ ಅಕ್ಕನ ಸಾವಿನೂಟದ ಆಲೂಗಡ್ಡೆ

ಬೆಳಗಿನ ಐದು ಗಂಟೆ. ಕಾರು ಶೆಡ್ಡಿನ ಬಾಗಿಲು ತಳ್ಳಿಕೊಂಡು ಆರ್ಡಿತ್ ಹೆಂಡ್ರಿಕ್ಸನ್ ಒಳಗೆ ಬರುತ್ತಾರೆ. ಮಾರ್ಚ್ ಬಂದರೂ ಅಮೆರಿಕದ ಐಡಹೊ ರಾಜ್ಯದ ಈ ಬಯಲಿನಲ್ಲಿ ಚಳಿ ಜಗ್ಗಿಲ್ಲ. ಹಳೆಯ ಪಿಕಪ್ ಗಾಡಿಯ ಪಕ್ಕದ ಮೇಜಿನ ಮೇಲೆ, ಹಾಸಿದ ಬಟ್ಟೆಯಲ್ಲಿ ಇಪ್ಪತ್ತನಾಲ್ಕು ಪೌಂಡು ಆಲೂಗಡ್ಡೆ ಸಾಲಾಗಿ ಮಲಗಿದೆ. ನಿನ್ನೆ ಸಂಜೆ ಸಿಪ್ಪೆ ಸಮೇತ ಮುಕ್ಕಾಲು ಬೇಯಿಸಿ ಆರಲು ಬಿಟ್ಟದ್ದು. ಅಕ್ಕ ಒಂದನ್ನು ಎತ್ತಿ ಕೆನ್ನೆಗೆ ಒತ್ತಿ ನೋಡುತ್ತಾರೆ. ಬೆರಳುಗಳಿಗೆ ಬಿಸಿ ತಂಪು ಗೊತ್ತಾಗುವುದು ನಿಂತು ಎರಡು ವರ್ಷವಾಯಿತು.

"ಹೊಳೆಯ ಕಲ್ಲಿನ ಹಾಗಾಗಿದೆ. ಈಗ ತುರಿಬಹುದು," ಎನ್ನುತ್ತಾರೆ. "ಬೆಚ್ಚಗಿರುವಾಗ ತುರಿದ್ರೆ ಗೋಂದು ಆಗತ್ತೆ. ಅದರಲ್ಲಿ ಗೋಡೆಗೆ ಕಾಗದ ಅಂಟಿಸ್ಬಹುದು, ತಿನ್ನೋಕಾಗಲ್ಲ."

ಆದರೆ ಇವತ್ತು ತುರಿಯುವವರು ಅವರಲ್ಲ. ಅಡುಗೆಮನೆಯಲ್ಲಿ ತುರಿಮಣೆ ಹಿಡಿದು ನಿಂತಿರುವವಳು ಟೆನಿಲ್ ಬರ್ಚ್. ಮೂವತ್ತನಾಲ್ಕರ ಹೆಣ್ಣು, ಶಾಲೆಯ ಬಸ್ಸು ಓಡಿಸುತ್ತಾಳೆ. ಮೂವತ್ತೆಂಟು ವರ್ಷಗಳಲ್ಲಿ ನಮ್ಮೂರು ವಿಲೋಬೆಂಚ್‌ನ ಯಾವ ಸಾವಿನೂಟಕ್ಕೂ ಆರ್ಡಿತ್ ಅಕ್ಕನ ಕೈ ಬಿಟ್ಟು ಇನ್ನೊಬ್ಬರ ಕೈ ಆಲೂಗಡ್ಡೆ ತುರಿದದ್ದು ಒಂದೇ ಒಂದು ಸಲ. ಆ ಸಲ ಏನಾಯಿತೆಂಬುದು ಊರಿಗೆಲ್ಲ ಗೊತ್ತು. ಇವತ್ತು ಎರಡನೆಯ ಸಲ.

ಸಾವಾದ ಮನೆಯವರು ಒಲೆ ಹಚ್ಚಬಾರದು. ಅದು ಇಲ್ಲಿಯ ರೂಢಿ. ಮಣ್ಣು ಮಾಡಿ ಬಂದವರಿಗೆ ಚರ್ಚಿನ ಹೆಂಗಸರು ಊಟ ಹಾಕುತ್ತಾರೆ. ಹಂದಿಮಾಂಸದ ಹ್ಯಾಮ್, ಬನ್ನು, ಹಸಿರು ಜೆಲ್ಲಿ, ನಡುವೆ ಆಲೂಗಡ್ಡೆ. ಆಲೂಗಡ್ಡೆ ತುರಿ, ಚೀಸು, ಹುಳಿ ಕೆನೆ, ಈರುಳ್ಳಿ, ಡಬ್ಬಿಯ ಗಟ್ಟಿ ಕೋಳಿ ಸೂಪು ಎಲ್ಲವನ್ನೂ ಕಲಸಿ ಟ್ರೇಗೆ ತುಂಬಿ, ಮೇಲೆ ಬೆಣ್ಣೆಯಲ್ಲಿ ಹೊರಳಿಸಿದ ಕಾರ್ನ್‌ಫ್ಲೇಕ್ಸ್ ಉದುರಿಸಿ ಓವನ್ನಿನಲ್ಲಿ ಬೇಯಿಸುವುದು. ಮದುವೆಗೂ ಮಾಡುತ್ತಾರೆ, ಮಗುವಿನ ನಾಮಕರಣಕ್ಕೂ ಮಾಡುತ್ತಾರೆ. ಆದರೂ ಅದಕ್ಕಿರುವ ಹೆಸರು ಸಾವಿನ ಆಲೂಗಡ್ಡೆ ಅಂತಲೇ. ಯಾರೂ ಹಾಗೆ ಕರೆಯಲು ಅಂಜುವುದಿಲ್ಲ.

ಆರ್ಡಿತ್ ಅಕ್ಕನಿಗೆ ಈಗ ಎಪ್ಪತ್ತೇಳು. ಚರ್ಚಿನಲ್ಲಿ ಎಲ್ಲರೂ ಎಲ್ಲರಿಗೂ ಅಕ್ಕಂದಿರೇ, ಆದರೆ ಬರೀ "ಅಕ್ಕ" ಎಂದರೆ ಇವರೊಬ್ಬರೇ. ಬೀಟ್‌ಗೆಡ್ಡೆ ಬೆಳೆಯುವ ಹೊಲದಲ್ಲಿ ಹುಟ್ಟಿದವರು. ಏಳರ ವಯಸ್ಸಿಗೆ ತಾಯಿ ತಂದೆ ಇಬ್ಬರೂ ಒಂದೇ ಚಳಿಗಾಲದಲ್ಲಿ ತೀರಿಹೋದರು. ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ನೆಲ್ಡಾ ತಂಗಿಯನ್ನು ಬೆಳೆಸಿದಳು. ಇಬ್ಬರೂ ಮದುವೆಯಾಗಲಿಲ್ಲ, ಒಂದೇ ಮನೆಯಲ್ಲಿ ಮುದುಕಿಯರಾದರು. ಮೋಟು ಗುದ್ದಲಿ ಹಿಡಿದು ಬಗ್ಗಿ ಒತ್ತಾಗಿ ಬೆಳೆದ ಬೀಟ್ ಸಸಿ ತೆಗೆಯುತ್ತಿದ್ದ ಕೈ, ಆಮೇಲೆ ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದ ಕೈ. ಈಗ ಹೆಬ್ಬೆರಳ ಗಂಟು ಅಡಿಕೆಯಷ್ಟು ಊದಿಕೊಂಡಿದೆ. ತುಂಬಿದ ಟ್ರೇ ಎತ್ತಲೇಬಾರದು ಎಂದು ಡಾಕ್ಟರು ಹೇಳಿ ವರ್ಷವಾಯಿತು.

"ಎತ್ಬೇಡಿ ಅಂದ್ರು. ಹೂಂ ಅಂದೆ. ಮನೆಗೆ ಬಂದು ಎತ್ತಿದೆ," ಎಂದು ಅಕ್ಕ ನಗುತ್ತಾರೆ.

ಯಾರಿಗೂ ಕಲಿಸಿಕೊಡಲಿಲ್ಲ ಎಂಬ ದೂರು ಅವರ ಮೇಲೆ ಹಳೆಯದು. ಚರ್ಚಿನ ಹೆಂಗಸರ ಸಂಘದ ಮುಂದಾಳು ಮೇರ್ವಾ ಅದನ್ನು ಮುಖದ ಮೇಲೆಯೇ ಹೇಳುತ್ತಾರೆ. "ಕೇಳಿದವ್ರಿಗೆಲ್ಲ ಈರುಳ್ಳಿ ಹೆಚ್ಚೋಕೆ ಕೊಡ್ತಿದ್ಲು. ನಾನು ಹದಿನೆಂಟು ವರ್ಷ ಈರುಳ್ಳಿ ಹೆಚ್ಚಿದ್ದೀನಿ. ಸತ್ತವರಿಗೋಸ್ಕರ ಅತ್ತಿದ್ದೆಷ್ಟು, ಈರುಳ್ಳಿಗೆ ಅತ್ತಿದ್ದೆಷ್ಟು ಅಂತ ಆ ದೇವರಿಗೇ ಗೊತ್ತು." ಹೋದ ವರ್ಷ ಸಂಘದ ಸಭೆಯಲ್ಲಿ ಮೆತ್ತಗೆ ಒಂದು ಮಾತು ಬಂತು: ಅಕ್ಕನ ಕೈ ನಿಂತ ಮೇಲೆ ಊಟವನ್ನು ಪೇಟೆಯಿಂದ ತರಿಸಿಬಿಡೋಣ. ಅಕ್ಕ ಅದಾದ ವಾರವೇ ಎಂಟು ಟ್ರೇಗಳನ್ನು ಒಬ್ಬರೇ ಹೊತ್ತರು. ಮೂರು ದಿನ ಹಲ್ಲುಜ್ಜಲು ಕೈ ಏಳಲಿಲ್ಲ.

ಅಕ್ಟೋಬರಿನಲ್ಲಿ, ಊರೆಲ್ಲ ಆಲೂಗಡ್ಡೆ ಕೀಳುತ್ತಿದ್ದ ಹೊತ್ತಿನಲ್ಲಿ, ನೆಲ್ಡಾ ತೀರಿಕೊಂಡರು.

ರೂಢಿಯಂತೆ ಆರ್ಡಿತ್ ಅಕ್ಕ ಆಗ ಸಾವಿನ ಮನೆಯವರು. ಮಣ್ಣು ಮಾಡುವ ದಿನ ಬೆಳಗ್ಗೆ ಏಪ್ರನ್ ಕಟ್ಟಿಕೊಂಡು ಚರ್ಚಿಗೆ ಬಂದರೆ ಮೇರ್ವಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. "ಇವತ್ತು ನೀನು ಒಳಗೆ ಕಾಲಿಡೋ ಹಾಗಿಲ್ಲ. ಬಿಚ್ಚು ಅದನ್ನ." ಏಪ್ರನ್ನಿನ ಗಂಟನ್ನು ಮೇರ್ವಾ ತಾವೇ ಬಿಚ್ಚಿದರು. ಮಿಕ್ಕವರೆಲ್ಲ ಆಲೂಗಡ್ಡೆಯ ವಿಷಯದಲ್ಲಿ ಹಿಂಜರಿದಾಗ, ಊರಿಗೆ ಬಂದು ಎರಡೇ ವರ್ಷವಾಗಿದ್ದ ಟೆನಿಲ್ "ನಾನು ಮಾಡ್ತೀನಿ" ಎಂದಿದ್ದಳು.

ಅವಳು ಮಾಡಿದ ತಪ್ಪನ್ನು ಮೂವರು ಮಕ್ಕಳಿರುವ ತಾಯಿ ಮಾತ್ರ ಮಾಡಬಲ್ಲಳು. ಅವಳ ಮನೆಯಲ್ಲಿ ಕಾರ್ನ್‌ಫ್ಲೇಕ್ಸನ್ನು ಪೊಟ್ಟಣದಿಂದ ತೆಗೆದು ದೊಡ್ಡ ಡಬ್ಬಿಗೆ ಸುರಿದಿಡುತ್ತಾರೆ. ಗಡಿಬಿಡಿಯಲ್ಲಿ ಮಕ್ಕಳು ಹಾಲಿಗೆ ಹಾಕಿಕೊಳ್ಳುವ ಸಕ್ಕರೆ ಲೇಪದ ಕಾರ್ನ್‌ಫ್ಲೇಕ್ಸ್ ಡಬ್ಬಿಯನ್ನೇ ಹೊತ್ತು ತಂದಳು. ಎಂಟೂ ಟ್ರೇಯ ಮೇಲೆ ಅದೇ ಬಿತ್ತು. ಓವನ್ನಿನಿಂದ ಮಿಠಾಯಿ ಅಂಗಡಿಯ ವಾಸನೆ ಬಂದಾಗ ಮೇರ್ವಾ ಒಂದು ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಸ್ಮಶಾನದಿಂದ ಕಾರುಗಳು ಬಂದಾಗಿತ್ತು.

ಆರ್ಡಿತ್ ಅಕ್ಕ ಒಂದು ಸಲ ಬಡಿಸಿಕೊಂಡು ತಿಂದರು. ಎದ್ದು ಹೋಗಿ ಇನ್ನೊಂದು ಸಲ ಬಡಿಸಿಕೊಂಡರು. ನಮ್ಮ ಮಾನ ಉಳಿಸಲು ನುಂಗುತ್ತಿದ್ದಾರೆ ಎಂದೇ ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ತಿಳಿದರು.

"ಅದೇನೂ ಅಲ್ಲ," ಎನ್ನುತ್ತಾರೆ ಅಕ್ಕ ಈಗ. "ಮೇರ್ವಾ ಬಂದು ತಪ್ಪಾಯ್ತು ಅಂದಾಗ್ಲೇ ನನಗೆ ಗೊತ್ತಾಗಿದ್ದು. ಉಪ್ಪೋ ಸಕ್ಕರೆಯೋ ನಾಲಿಗೆಗೆ ಗೊತ್ತೇ ಆಗ್ಲಿಲ್ಲ. ಮೂವತ್ತೆಂಟು ವರ್ಷ ಅಡುಗೆಮನೆ ಕಿಂಡಿಯಿಂದ ಇಣುಕಿ ಇಣುಕಿ ನೋಡಿದ್ದೀನಿ, ಸತ್ತ ಮನೆಯವರು ನನ್ನ ಆಲೂಗಡ್ಡೆ ಹೆಂಗೆ ತಿಂತಾರೆ ಅಂತ. ಅವರು ರುಚಿ ನೋಡ್ತಿದ್ದಾರೆ ಅಂದ್ಕೊಂಡಿದ್ದೆ!"

ಆಮೇಲೆ ಇನ್ನೊಂದು ಮಾತು ಸೇರಿಸುತ್ತಾರೆ. "ನನ್ನ ಪಕ್ಕ ಯಾರೂ ಕೂತಿರಲಿಲ್ಲ ಕಣಮ್ಮ. ಕೂರಬೇಕಾದವರೆಲ್ಲ ಅಡುಗೆಮನೇಲಿದ್ರು, ಆಲೂಗಡ್ಡೆ ಏನಾಯ್ತು ಅಂತ ಒದ್ದಾಡ್ತಾ. ಆವಾಗ ಅನ್ನಿಸ್ತು. ನಾನೂ ಅಷ್ಟು ವರ್ಷ ಇದನ್ನೇ ತಾನೇ ಮಾಡಿದ್ದು. ಎಷ್ಟೊಂದು ಜನ ಗೆಳತಿಯರ ಗಂಡಂದಿರು ಹೋದ್ರು. ಒಬ್ಬಳ ಪಕ್ಕಾನೂ ಕೂತಿಲ್ಲ. ಕೂತ್ರೆ ಆಲೂಗಡ್ಡೆ ಯಾರು ನೋಡ್ಕೋತಾರೆ?"

ನೆಲ್ಡಾ ತೀರಿದ ಎರಡನೆಯ ವಾರ ಅಕ್ಕ ಟೆನಿಲ್‌ಳ ಮನೆಗೆ ನಡೆದು ಹೋಗಿ ಬಾಗಿಲು ಬಡಿದರು. ಬೈಸಿಕೊಳ್ಳುವ ದಿನ ಬಂತೆಂದು ಟೆನಿಲ್ ಕಿಟಕಿಯ ಪರದೆಯ ಹಿಂದೆ ಅವಿತುಕೊಂಡಳು. "ತೆಗಿಯೇ ಬಾಗಿಲು, ಪರದೆ ಕೆಳಗೆ ನಿನ್ನ ಕಾಲು ಕಾಣ್ತಿದೆ!" ಎಂದು ಅಕ್ಕ ಕೂಗಿದ್ದು ಎದುರು ಮನೆಗೂ ಕೇಳಿಸಿತು.

"ಕ್ಷಮಿಸಿ ಅನ್ನೋದಕ್ಕೇ ಬಿಡಲಿಲ್ಲ," ಎಂದು ಟೆನಿಲ್ ನೆನೆಯುತ್ತಾಳೆ. "ತುರಿಮಣೆ ತಂದು ಮೇಜಿನ ಮೇಲೆ ಕುಟ್ಟಿದ್ರು. 'ಎಲ್ಲರೂ ಹೆದರಿದ್ರು, ನೀನು ಹೆದರಲಿಲ್ಲ. ಅದಕ್ಕೆ ನಿನಗೆ' ಅಂದ್ರು. ನಾನೂ ಹೆದರಿದ್ದೆ ಅಂತ ಹೇಳೋಕೆ ಧೈರ್ಯ ಬರಲಿಲ್ಲ."

ಐದು ತಿಂಗಳು, ಪ್ರತಿ ಬುಧವಾರ ಸಂಜೆ, ಬಸ್ಸು ನಿಲ್ಲಿಸಿ ಬಂದು ಟೆನಿಲ್ ಕಲಿತಿದ್ದಾಳೆ. ತುರಿಯುವುದು, ಕಲಸುವುದು ಒಂದು ತಿಂಗಳ ವಿದ್ಯೆ. ಮಿಕ್ಕ ನಾಲ್ಕು ತಿಂಗಳು ಹೋದದ್ದು ಹೊತ್ತು ಹಿಡಿಯುವುದಕ್ಕೆ. ಆಲೂಗಡ್ಡೆ ಬೇಯಲು ಐವತ್ತು ನಿಮಿಷ ಬೇಕು. ಮಣ್ಣು ಮಾಡಿ ಜನ ಯಾವಾಗ ಹಿಂದಿರುಗುತ್ತಾರೆಂದು ಯಾರೂ ಹೇಳಲಾರರು. ಬೇಗ ಒಳಗಿಟ್ಟರೆ ಅಂಚು ಒಣಗಿ ತೊಗಲಾಗುತ್ತದೆ, ತಡವಾದರೆ ದುಃಖದಲ್ಲಿರುವವರು ತಟ್ಟೆ ಹಿಡಿದು ಕಾಯಬೇಕು. ಅಕ್ಕ ಇದನ್ನು ಗಾಳಿ ನೋಡಿ ಹೇಳುತ್ತಾರೆ. ಸ್ಮಶಾನ ದಿಬ್ಬದ ಮೇಲಿದೆ. "ಗಾಳಿ ಇದ್ರೆ ಪ್ರಾರ್ಥನೆ ಅರ್ಧ ಆಗತ್ತೆ. ಬಿಷಪ್ಪರಿಗೂ ಚಳಿ ಆಗತ್ತಲ್ಲ."

ಇವತ್ತಿನ ಸಾವಿನೂಟ ಗ್ರಾಂಟ್ ಟಿಬಿಟ್ಸ್ ಅವರದ್ದು. ನಲವತ್ತು ವರ್ಷ ಕಾಲುವೆಯ ತೂಬು ಎತ್ತಿ ಹೊಲಹೊಲಕ್ಕೆ ನೀರು ಬಿಟ್ಟವರು. ನೀರಿಗಾಗಿ ಅವರೊಡನೆ ಜಗಳವಾಡದ ಮನೆ ಊರಿನಲ್ಲಿಲ್ಲ, ಇವತ್ತು ಬಾರದ ಮನೆಯೂ ಇಲ್ಲ. ಹೆಂಡತಿ ಎಲ್ವಾ ಆರ್ಡಿತ್ ಅಕ್ಕನ ಓರಗೆಯವರು, ಒಂದನೇ ತರಗತಿಯಿಂದ ಗೆಳತಿ. ಹನ್ನೆರಡು ಗಂಟೆಗೆ ಶವಪೆಟ್ಟಿಗೆ ಹೊತ್ತ ಗಾಡಿ ದಿಬ್ಬದ ಕಡೆಗೆ ಹೋದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ನಾವು ಐದಾರು ಹೆಂಗಸರು ಉಳಿದೆವು. ಎಂಟು ಟ್ರೇ ತಯಾರಾಗಿ ಕೂತಿವೆ. ಕಾರ್ನ್‌ಫ್ಲೇಕ್ಸನ್ನು ಮೂವರು ಬೇರೆ ಬೇರೆಯಾಗಿ ರುಚಿ ನೋಡಿಯಾಗಿದೆ.

ಅಕ್ಕನಿಗೆ ಮೂಲೆಯಲ್ಲೊಂದು ಕುರ್ಚಿ. ಅಲ್ಲಿಂದ ಏಳಬಾರದೆಂಬುದು ಅವರೇ ಹಾಕಿಕೊಂಡ ಕರಾರು.

ಕಿಟಕಿಯಾಚೆ ಧೂಳು ಎದ್ದಿತು. ಬಾವುಟದ ಕಂಬದ ಹಗ್ಗ ಪಟಪಟ ಬಡಿಯತೊಡಗಿತು. ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಗಾಳಿ ಬಂತು. ಇಡು ಒಳಗೆ."

ಟೆನಿಲ್ ಅಲ್ಲಾಡಲಿಲ್ಲ. "ಇನ್ನೂ ಇಪ್ಪತ್ತು ನಿಮಿಷ, ಅಕ್ಕ."

"ಏನಂದೆ?"

"ಇಪ್ಪತ್ತು ನಿಮಿಷ ಆಗ್ಲಿ. ಗ್ರಾಂಟ್ ಅಜ್ಜ ಸೈನ್ಯದಲ್ಲಿದ್ರಲ್ಲ. ದಿಬ್ಬದ ಮೇಲೆ ಗೌರವಕ್ಕೆ ಗುಂಡು ಹಾರಿಸ್ತಾರೆ, ತುತ್ತೂರಿ ಊದ್ತಾರೆ, ಪೆಟ್ಟಿಗೆ ಮೇಲಿನ ಬಾವುಟ ಮಡಿಸಿ ಎಲ್ವಾ ಅಜ್ಜಿ ಕೈಗೆ ಕೊಡ್ತಾರೆ. ಗಾಳೀಲಿ ಬಾವುಟ ಮಡಿಸೋದು ಬೇಗ ಆಗಲ್ಲ."

"ಗ್ರಾಂಟ್ ಯಾವಾಗಮ್ಮ ಸೈನ್ಯದಲ್ಲಿದ್ದ? ಹುಟ್ಟಿದಾಗಿನಿಂದ ಕಾಲುವೆ ಮೇಲೇ ಇದ್ದ!"

"ಮದುವೆಗೆ ಮುಂಚೆ, ಎರಡು ವರ್ಷ. ಚರ್ಚಲ್ಲಿ ಹಂಚಿದ ಇವತ್ತಿನ ಚೀಟೀಲಿ ಅಚ್ಚಾಗಿದೆ."

ಎಲ್ಲರನ್ನೂ ಬಲ್ಲವರಾದ್ದರಿಂದ ಅಕ್ಕ ಎಂದೂ ಚೀಟಿ ಓದಿದವರಲ್ಲ. ಊದಿದ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಅವುಗಳ ಮೇಲೆ ಕೂತರು. ಮೇರ್ವಾ ಪಿಸುಗುಟ್ಟಿದರು: "ದೇವರೇ, ಇದನ್ನು ನೋಡೋಕೆ ನಾನು ಬದುಕಿದ್ದೆನಲ್ಲ." ಆ ಇಪ್ಪತ್ತು ನಿಮಿಷ ಅಕ್ಕನ ನೋಟ ಗಡಿಯಾರ ಬಿಟ್ಟರೆ ಕಿಟಕಿ, ಕಿಟಕಿ ಬಿಟ್ಟರೆ ಓವನ್. ಕಾರುಗಳು ಈಗಲೇ ಬಂದರೆ ಎಲ್ವಾಳನ್ನು ತಣ್ಣನೆಯ ಹ್ಯಾಮಿನ ಮುಂದೆ ಕೂರಿಸಬೇಕು, ಪೇಟೆಯ ಊಟದ ಮಾತು ನಾಳೆಯೇ ಮತ್ತೆ ಏಳುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ದಿಬ್ಬದ ಕಡೆಯಿಂದ ಗುಂಡಿನ ಸದ್ದು ಗಾಳಿಯಲ್ಲಿ ತೇಲಿ ಬಂತು. ಒಂದು, ಎರಡು, ಮೂರು. ಟೆನಿಲ್ ಆಗಲೇ ಕೊನೆಯ ಟ್ರೇ ಒಳಗಿಟ್ಟು ಓವನ್ನಿನ ಬಾಗಿಲು ಹಾಕುತ್ತಿದ್ದಳು.

ಒಂದೂ ಕಾಲಿಗೆ ಮೊದಲ ಕಾರು ಬಂದು ನಿಂತಿತು. ಎಂಟು ನಿಮಿಷದ ಮೇಲೆ ಜನ ಕೈ ತೊಳೆದು, ಕೋಟು ತೆಗೆದು, ಆಟಕ್ಕೂ ಬಳಸುವ ಚರ್ಚಿನ ಹಾಲಿನಲ್ಲಿ ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಹಾಕಿದ ಮೇಜುಗಳ ಮುಂದೆ ಕೂರುವಷ್ಟರಲ್ಲಿ ಟ್ರೇಗಳು ಹೊರಗೆ ಬಂದವು. ಅಂಚಿನಲ್ಲಿ ಚೀಸು ಗುಳುಗುಳು ಎನ್ನುತ್ತಿತ್ತು, ಮೇಲೆ ಹೊಂಬಣ್ಣ. ನಾನು ಬನ್ನಿನ ಬುಟ್ಟಿ ಎತ್ತಿಕೊಂಡು ಹೊರಡುವಾಗ ತಿರುಗಿ ನೋಡಿದರೆ, ಅಕ್ಕ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಿದ್ದರು. ಟೆನಿಲ್ ಎದುರಿಗೇ ನಿಂತಿದ್ದಳು.

"ನಾನಾಗಿದ್ರೆ ಒಣಗಿಸಿಬಿಡ್ತಿದ್ದೆ," ಎಂದರು ಅಕ್ಕ.

"ಚೆನ್ನಾಗಿದೆಯಾ?"

"ಹೇಳಿದ್ನಲ್ಲ." ಅಷ್ಟು ಹೇಳಿ ಏಪ್ರನ್ ಬಿಚ್ಚಲು ಹಿಂದಕ್ಕೆ ಕೈ ಹಾಕಿದರು. ಗಂಟು ಬೆರಳಿಗೆ ಬಗ್ಗಲಿಲ್ಲ. ಟೆನಿಲ್ ಬಿಚ್ಚಿಕೊಟ್ಟಳು.

ಮುಂದೆ ಏನಾಸೆ ಎಂದು ಕೇಳಿದರೆ ಅಕ್ಕ ಬಹಳ ಯೋಚಿಸುವುದಿಲ್ಲ. "ಚರ್ಚಿನ ಬಲಗಡೆ ಓವನ್ ರಿಪೇರಿ ಮಾಡಿಸ್ಲಿ. ಟೆನಿಲ್ ಕೆಳಗೂ ಒಬ್ಬಳು ಕಲಿಯೋವಳು ಬರ್ಲಿ, ಈರುಳ್ಳಿ ಹೆಚ್ಚಿಸಿ ಕಳಿಸೋದು ಬೇಡ. ನನಗೆ ಇನ್ನು ಊಟದ ಹೊತ್ತಿಗೆ ಹೊರಗೆ ಕೆಲಸ ಇದೆ."

ಮೊದಲ ಸಾಲಿನ ಮೇಜಿನಲ್ಲಿ ಎಲ್ವಾ ಟಿಬಿಟ್ಸ್ ಮುಕ್ಕೋನವಾಗಿ ಮಡಿಸಿದ ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಮಕ್ಕಳು ಮೊಮ್ಮಕ್ಕಳೆಲ್ಲ ಬಡಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದಾರೆ. ಮುಂದಿರುವ ತಟ್ಟೆಯನ್ನು ಎಲ್ವಾ ಮುಟ್ಟಿಲ್ಲ. ಆರ್ಡಿತ್ ಅಕ್ಕ ಮಕ್ಕಳ ಕಾಲುಗಳ ನಡುವೆ ಹುಷಾರಾಗಿ ಹೆಜ್ಜೆಯಿಟ್ಟು ಬಂದು, ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಗೆಳತಿಯ ಕೈಗೆ ಫೋರ್ಕು ಕೊಡುತ್ತಾರೆ.

"ಸುಡ್ತಿದೆ ಕಣೇ ಎಲ್ವಾ," ಎನ್ನುತ್ತಾರೆ. "ಊದ್ಕೊಂಡು ತಿನ್ನು. ಅವಸರ ಇಲ್ಲ, ನಾನಿಲ್ಲೇ ಇರ್ತೀನಿ."