ನಾಲ್ಕು ಕಾಲಿನ ಸವತಿ

ಬೆಳಗ್ಗೆ ಕುಕ್ಕರ್ ಮುಚ್ಚಳ ತೆಗೆದರೆ ಬೆಂದ ಹುರುಳಿಯ ವಾಸನೆ ಮನೆಯೆಲ್ಲ ತುಂಬುತ್ತದೆ. ನಿಮಗಾದರೆ ಬಸ್ಸಾರಿನ ನೆನಪಾಗಿ ಬಾಯಲ್ಲಿ ನೀರೂರೀತು. ನನಗೆ ನೆನಪಾಗುವುದು ನನ್ನ ಸವತಿ. ಗಾಬರಿಯಾಗಬೇಡಿ, ಅವಳಿಗೆ ನಾಲ್ಕು ಕಾಲು. ಹೆಸರು ಬಂಗಾರಿ, ಮದುವೆ ಮೆರವಣಿಗೆಗೆ ಹೋಗುವ ಬಿಳಿ ಕುದುರೆ. ಹುರುಳಿ ಬೇಯುವುದೂ ಅವಳಿಗೇ.

ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಹೊಟ್ಟೆಕಿಚ್ಚು ಕೆಟ್ಟದ್ದು ಮಕ್ಕಳೇ ಎಂದು ಪಾಠ ಮಾಡಿ ಸಂಬಳ ಎಣಿಸಿಕೊಳ್ಳುವವಳು. ಮನೆಗೆ ಬಂದರೆ ಕುದುರೆಯ ಮೇಲೆ ಹೊಟ್ಟೆಕಿಚ್ಚು! ನೀವೇ ಹೇಳಿ, ಪಡದೆ ಹೇಗಿರಲಿ? ನಮ್ಮ ಯಜಮಾನರು ನನ್ನನ್ನು ಕರೆಯುವುದು ‘ಏಯ್’ ಎಂದು. ಅವಳನ್ನು ಕರೆಯುವುದು ‘ಬಂಗಾರೀ, ನನ್ ಚಿನ್ನಾ’ ಎಂದು. ನನಗೆ ತಲೆನೋವು ಬಂದರೆ ‘ಒಂದು ಮಾತ್ರೆ ನುಂಗು’ ಎನ್ನುವ ಮನುಷ್ಯ, ಅವಳು ಒಂದು ಸಲ ಸೀನಿದರೆ ಊಟ ಬಿಡುತ್ತಿದ್ದರು.

ಆಗ ನಾವಿದ್ದದ್ದು ಕಾಡುಗೋಡಿಯಲ್ಲಿ, ಇವರ ಅಪ್ಪನ ಮನೆಯಲ್ಲಿ. ಬಂಗಾರಿ ಇದ್ದದ್ದು ಅದರ ಹಿತ್ತಿಲಲ್ಲಿ. ಆಸ್ತಿ ಭಾಗವಾಗಿ ಅದೆಲ್ಲ ಮೈದುನನ ಪಾಲಿಗೆ ಹೋಯಿತು. ಅವನು ಬಾಡಿಗೆ ರೂಮುಗಳನ್ನು ಕಟ್ಟಿಸಲು ಪಾಯ ತೋಡಿಸಿದ. ನಾವು ಚಂದಾಪುರದಾಚೆ ಶೆಡ್ಡಿರುವ ಒಂದು ಬಾಡಿಗೆ ಮನೆ ಹಿಡಿದೆವು. ಮನೆ ನೋಡಲು ಹೋದಾಗ ಇವರು ಶೆಡ್ಡಿನ ಒಳಗೆ ನಿಂತು ಗಾಳಿ ಬರುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಅಡುಗೆಮನೆಗೆ ಕಿಟಕಿಯೇ ಇಲ್ಲವೆಂಬುದನ್ನು ಸಾಮಾನು ಇಳಿಸಿದ ಮೇಲೆ ನಾನು ಕಂಡುಹಿಡಿದೆ.

ಮನೆ ಬದಲಿಸುವಾಗ ನಮ್ಮ ಕಡೆ ಹಳೆಯ ಪೊರಕೆಯನ್ನು ಒಯ್ಯುವುದಿಲ್ಲ, ದರಿದ್ರ ಹಿಂದೆಯೇ ಬರುತ್ತದಂತೆ. ಇವರು ಆ ಶಾಸ್ತ್ರವನ್ನು ಕುದುರೆಗೂ ಹಚ್ಚಿದರು. ಅವಳ ಬಕೆಟ್ಟು, ಹಗ್ಗ, ಹೊದಿಸುವ ಗೋಣಿತಾಟು ಎಲ್ಲವನ್ನೂ ಕಾಡುಗೋಡಿಯಲ್ಲೇ ಬಿಸಾಡಿ ಹೊಸದು ತಂದರು. ಶೆಡ್ಡಿಗೆ ಸುಣ್ಣ, ನೆಲಕ್ಕೆ ಫಿನಾಯಿಲು, ಅವಳಿಗೆ ಶಾಂಪೂ ಸ್ನಾನ. ಮದುವೆಯಾಗಿ ಬಂದಾಗಲೂ ನನಗೆ ಇಷ್ಟೊಂದು ಹೊಸದು ಸಿಕ್ಕಿರಲಿಲ್ಲ ಕಣ್ರೀ. ಲಾರಿಯಲ್ಲಿ ಇವರು ಹಿಂದೆ ಅವಳ ಕುತ್ತಿಗೆ ತಬ್ಬಿಕೊಂಡು ನಿಂತು ಬಂದರು. ನಾನು ಮುಂದೆ ಡ್ರೈವರ್ ಪಕ್ಕ ಮಿಕ್ಸಿ ತಬ್ಬಿಕೊಂಡು ಬಂದೆ.

ಹೊಸ ಮನೆ ಎಂದಮೇಲೆ ಹಾಲು ಉಕ್ಕಿಸಬೇಕಲ್ಲ? ‘ರೀ, ಬನ್ರೀ, ಉಕ್ತಾ ಇದೆ’ ಎಂದು ಕೂಗಿದೆ. ‘ಇರೇ, ಬಂಗಾರಿ ಬೆವರ್ತಾವ್ಳೆ’ ಎಂದು ಶೆಡ್ಡಿನಿಂದ ಉತ್ತರ ಬಂತು. ಹಾಲು ಉಕ್ಕಿತು. ನೋಡಿದವಳು ನಾನೊಬ್ಬಳೇ.

ಆ ದಿನ ಬಂಗಾರಿ ಹುಲ್ಲು ಮುಟ್ಟಲಿಲ್ಲ. ಮರುದಿನ ಬೆಳಗ್ಗೆಯೂ ಇಲ್ಲ. ಹೊಸ ಬಕೆಟ್ಟನ್ನು ಮೂಸಿ ಹಿಂದೆ ಸರಿಯುತ್ತಿದ್ದಳು. ಹೊಸೂರು ರಸ್ತೆಯ ಲಾರಿಗಳು ಹಾರ್ನ್ ಹೊಡೆದಾಗಲೆಲ್ಲ ಹಗ್ಗ ಜಗ್ಗಿ ಕೆನೆಯುತ್ತಿದ್ದಳು. ಪಶುವೈದ್ಯರು ಬಂದು ಹೊಟ್ಟೆ ಮುಟ್ಟಿ ನೋಡಿದರು.

‘ಕಾಯಿಲೆ ಅಲ್ಲ ಸಾರ್, ಗಾಬರಿ. ಆದ್ರೆ ಹೀಗೇ ತಿನ್ನದೆ ಇದ್ರೆ ಹೊಟ್ಟೆನೋವು ಬಂದು ಬಿದ್ದುಬಿಡ್ತಾಳೆ, ಉಳಿಸೋದು ಕಷ್ಟ. ಹಳೇ ಮನೆದು, ಅವಳಿಗೆ ಗೊತ್ತಿರೋದು ಏನಾದ್ರೂ ಪಕ್ಕದಲ್ಲಿಡಿ.’

‘ಹಳೇದು ಒಂದೂ ತರ್ಲಿಲ್ವಲ್ಲ ಡಾಕ್ಟ್ರೇ’ ಎಂದರು ಇವರು. ಬಿಸಾಡಿದ ಗೋಣಿತಾಟು ಸಿಕ್ಕೀತೇನೋ ಎಂದು ಸ್ಕೂಟರ್ ಹತ್ತಿ ಕಾಡುಗೋಡಿಗೆ ಹೊರಟೇಬಿಟ್ಟರು. ಹೋಗುವಾಗ ‘ಬಂಗಾರಿನ ನೋಡ್ಕೋ’ ಎಂದರು. ನೀನು ಊಟ ಮಾಡಿದೆಯಾ ಎನ್ನಲಿಲ್ಲ.

ನಾನೂ ಮಾಡಿರಲಿಲ್ಲ. ಕಿಟಕಿಯಿಲ್ಲದ ಆ ಅಡುಗೆಮನೆಯಲ್ಲಿ ತುತ್ತು ಗಂಟಲಿಗಿಳಿಯುತ್ತಿರಲಿಲ್ಲ. ಚಿತ್ರಾನ್ನದ ತಟ್ಟೆ ಹಿಡಿದು ಶೆಡ್ಡಿಗೆ ಹೋಗಿ ಹುಲ್ಲಿನ ಹೊರೆಯ ಮೇಲೆ ಕೂತೆ. ಮೈಮೇಲಿದ್ದದ್ದು ಸಾಮಾನು ಕಟ್ಟುವಾಗ ಹಾಕಿಕೊಂಡಿದ್ದ, ಇನ್ನೂ ಒಗೆಯದ ಹಳೆ ನೈಟಿ. ‘ನಿನ್ನ ಕೇಳೋಕೆ ಡಾಕ್ಟ್ರಾದ್ರೂ ಬಂದ್ರು ಕಣೇ. ನನ್ನ ಯಾರು ಕೇಳಿದ್ರು? ನಂಗೂ ಈ ಮನೆ ಬೇಡ’ ಎಂದು ಅವಳಿಗೆ ಬೈಯಲು ಶುರುಮಾಡಿದವಳು, ನಡುವೆ ಎಲ್ಲೋ ಅಳತೊಡಗಿದೆ. ಬಂಗಾರಿ ಮೆಲ್ಲಗೆ ಬಂದು ನೈಟಿಯ ಭುಜಕ್ಕೆ ಮೂತಿ ಒತ್ತಿ ಉದ್ದಕ್ಕೆ ಉಸಿರೆಳೆದಳು. ಕಾಡುಗೋಡಿಯ ಹಿತ್ತಿಲ ಒಲೆಯಲ್ಲಿ ನಾನು ಅವಳಿಗೆ ಹುರುಳಿ ಬೇಯಿಸುತ್ತಿದ್ದ ಹೊಗೆಯ ವಾಸನೆ ಇನ್ನೂ ಅದರಲ್ಲಿತ್ತು. ಆ ಇಡೀ ಶೆಡ್ಡಿನಲ್ಲಿ ಅವಳಿಗೆ ಗೊತ್ತಿದ್ದ ಹಳೆಯ ಸಾಮಾನೆಂದರೆ ನಾನೇ.

ಕಣ್ಣೊರೆಸಿಕೊಂಡು ತಿನ್ನಲು ಶುರುಮಾಡಿದೆ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಾಲ ಬಳಿಯ ಹುಲ್ಲಿಗೆ ತಲೆ ತಗ್ಗಿಸಿದಳು.

ಇವರು ಬರಿಗೈಯಲ್ಲಿ ವಾಪಸು ಬಂದಾಗ ಇಬ್ಬರೂ ಮೇಯುತ್ತಿದ್ದೆವು.

‘ಅಲ್ಲೇ, ನಾನು ಕಾಲಿಗೆ ಬಿದ್ರೂ ತಿನ್ಲಿಲ್ಲ. ನಿನ್ ಹತ್ರ ತಿಂತಾವ್ಳಲ್ಲೇ!’ ಎಂದರು. ಕಣ್ಣಲ್ಲಿ ನೀರು, ತುಟಿ ಮಾತ್ರ ಸೊಟ್ಟ. ಆ ಸೊಟ್ಟ ತುಟಿಯ ಗುರುತು ನನಗೆ ಚೆನ್ನಾಗಿತ್ತು, ದಿನಾ ನನ್ನ ಕನ್ನಡಿಯಲ್ಲಿ ಕಾಣುತ್ತಿದ್ದದ್ದೇ. ಎಷ್ಟು ಖುಷಿಯಾಯಿತೆಂದರೆ, ‘ಉರೀತಾ?’ ಎಂದು ಕೇಳಿಯೇಬಿಟ್ಟೆ. ಅವರು ಒಳಗೆ ಹೋಗಿ ಒಂದು ತಟ್ಟೆ ತಂದು, ‘ನಂಗೂ ಒಂಚೂರು ಹಾಕು’ ಎಂದು ಪಕ್ಕದಲ್ಲಿ ಕೂತರು. ಅಂದಿನಿಂದ ನನ್ನ ತಿಂಡಿ ಶೆಡ್ಡಿನಲ್ಲೇ, ಬಂಗಾರಿಯ ಜೊತೆ.

ಮೊನ್ನೆ ಮಹಡಿಯ ಮನೆಗೆ ಒಬ್ಬ ಹುಡುಗಿ ಬಾಡಿಗೆಗೆ ಬಂದಿದ್ದಾಳೆ. ಅತ್ತಿಬೆಲೆಯ ಕಾರ್ಖಾನೆಯೊಂದರಲ್ಲಿ ಕೆಲಸ, ಊರು ಬಿಟ್ಟು ಬಂದದ್ದು ಇದೇ ಮೊದಲಂತೆ. ಕರೆದು ಏನು ಕೊಟ್ಟರೂ ‘ಹಸಿವಿಲ್ಲ ಆಂಟಿ’ ಎನ್ನುತ್ತಾಳೆ. ಇವತ್ತು ಬೆಂದ ಹುರುಳಿ ಆರಿಸಿಕೊಂಡು ಶೆಡ್ಡಿಗೆ ಹೋದರೆ, ನಾನು ಕೂರುವ ಜಾಗದಲ್ಲಿ ಆ ಹುಡುಗಿ ಕೂತು ಬನ್ನು ತಿನ್ನುತ್ತಿದ್ದಾಳೆ. ಬಂಗಾರಿ ಅವಳ ಭುಜದ ಮೇಲೆ ಗದ್ದ ಊರಿಕೊಂಡು ಹುಲ್ಲು ಜಗಿಯುತ್ತಿದ್ದಾಳೆ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆ ಧಗಧಗ ಉರಿಯಿತು.

ಒಳಗೆ ಬಂದು ದೋಸೆ ಹುಯ್ದೆ. ತಟ್ಟೆಗೆ ನಾಲ್ಕು ಹೆಚ್ಚಿಗೆ ಹಾಕಿಕೊಂಡು ಮತ್ತೆ ಹೋದೆ.

‘ಸ್ವಲ್ಪ ಜರುಗಮ್ಮಾ’ ಎಂದೆ. ಇಬ್ಬರೂ ಜರುಗಿದರು.