ಹಾಜಿರಾಬಿಯವರ ಸ್ವಾರ್ಥ

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷ. ಬೆಟಗೇರಿಯ ಈ ನೇಕಾರರ ಓಣಿಯಲ್ಲಿ ನಲ್ಲಿ ಮೊದಲು ಬುಸ್ಸೆಂದು ಗಾಳಿ ಬಿಡುತ್ತದೆ, ಆಮೇಲೆ ಕೆಂಪು ನೀರು, ಆಮೇಲಷ್ಟೇ ತಿಳಿನೀರು. ಆ ಗಾಳಿಯ ಸದ್ದಿಗೇ ಹಾಜಿರಾಬಿ ಹೊರಗೆ ಬಂದಿದ್ದಾರೆ. ವಯಸ್ಸು ಐವತ್ತೆಂಟು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಗಲ ಮೇಲೆ ಪೈಪಿನ ಸುರುಳಿ ಹಾಕಿಕೊಂಡು, ಮನೆಯವರಿಲ್ಲದ ಮೂರು ಮನೆಗಳ ಬೀಗ ತೆಗೆದು ಒಂದಾದ ಮೇಲೊಂದರ ಬ್ಯಾರಲ್ಲಿಗೆ ನೀರು ಹಚ್ಚುತ್ತಾರೆ. ನಾಲ್ಕನೆಯ ಮನೆಯ ಮುಂದೆ ಬಂದು ನಿಂತುಬಿಡುತ್ತಾರೆ.

ಅದು ವಿಮಲಾಬಾಯಿಯವರ ಮನೆ. ಬಾಗಿಲಿಗೆ ಬೀಗವಿದೆ. ಒಳಗೆ ನಲ್ಲಿಯನ್ನು ತೆರೆದೇ ಇಟ್ಟು ಹೋಗಿದ್ದಾರೆ. ಬ್ಯಾರಲ್ ತುಂಬಿ, ಉಕ್ಕಿ, ನೀರು ಹೊಸ್ತಿಲ ಕೆಳಗಿನಿಂದ ಗಟಾರಕ್ಕೆ ಹರಿಯುತ್ತಿದೆ.

"ಕೇಳ್ರಿ ಅಕ್ಕಾರ, ಹೆಂಗ ಹೊಂಟೈತಿ ಕೇಳ್ರಿ," ಎನ್ನುತ್ತಾರೆ ಹಾಜಿರಾಬಿ, ಹಿಂದೆಯೇ ನಡೆದು ಬಂದ ನನಗೆ. "ಒಳಗ ಹೋದ್ರ ಎರಡ ನಿಮಿಷದ ಕೆಲಸ. ಬ್ಯಾರಲ್ ಆತಂದ್ರ ಪೈಪ ಟಾಕಿಗೆ ಹಾಕೋದು. ಇಷ್ಟ." ಬಾಗಿಲಿನ ಮೇಲೆ ಅಂಗೈ ಇಡುತ್ತಾರೆ. ಆಮೇಲೆ ತಮ್ಮ ಪೈಪು ಎತ್ತಿಕೊಂಡು ಮುಂದೆ ನಡೆಯುತ್ತಾರೆ.

ಎರಡು ತಿಂಗಳ ಹಿಂದೆ ಈ ಬೀಗದ ಕೀಲಿಕೈ ಅವರ ಸೊಂಟದಲ್ಲೇ ಇತ್ತು. ಅದನ್ನು ಅಲ್ಲಿಂದ ಕಿತ್ತವಳು ನಾನು. ಕೈಯಿಂದಲ್ಲ, ಇದೇ ಪುರವಣಿಯ ಮುಖಪುಟದಲ್ಲಿ ಬರೆದ ಒಂದು ಲೇಖನದಿಂದ. ನೀವು ಓದಿರಬಹುದು. ಚೆನ್ನಾಗಿದೆ ಎಂದು ಬಹಳ ಜನ ಫೋನ್ ಮಾಡಿದ್ದರು, ನಾನೂ ಹಿಗ್ಗಿದ್ದೆ. ಥೂ, ಆ ಹಿಗ್ಗನ್ನು ನೆನೆದರೆ ಈಗ ಮೈ ಹಿಡಿಯಷ್ಟಾಗುತ್ತದೆ.

ಗೊತ್ತಿಲ್ಲದವರಿಗೆ ಮತ್ತೊಮ್ಮೆ ಹೇಳುತ್ತೇನೆ. ಈ ಓಣಿಗೆ ನೀರು ಹನ್ನೆರಡು ದಿನಕ್ಕೊಮ್ಮೆ, ಕೆಲವು ಸಲ ಹದಿನೈದಕ್ಕೊಮ್ಮೆ. ಬಂದರೆ ಎರಡು ತಾಸು, ಅದೂ ಯಾವ ಹೊತ್ತಿಗೆ ಎಂದು ಹೇಳಲಿಕ್ಕಾಗದು. ಆ ಎರಡು ತಾಸು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮುಂದಿನ ಹನ್ನೆರಡು ದಿನ ಕೊಡ ಹಿಡಿದು ಮನೆಮನೆ ಅಲೆಯಬೇಕು. ಹೀಗಾಗಿ ಹನ್ನೊಂದು ಮನೆಯವರು ತಮ್ಮ ಕೀಲಿಕೈಗಳನ್ನು ಹಾಜಿರಾಬಿಯವರ ಬಳಿ ಇಟ್ಟಿದ್ದರು. ಹನ್ನೊಂದು ಮನೆ, ಮೂವತ್ನಾಲ್ಕು ಬ್ಯಾರಲ್, ಐದು ಟಾಕಿ. ಯಾರ ನಲ್ಲಿ ಎಡಕ್ಕೆ ತಿರುಗುತ್ತದೆ, ಯಾರ ಬ್ಯಾರಲ್ಲಿನ ತಳ ಸೋರುತ್ತದೆ ಎಲ್ಲ ಅವರಿಗೆ ಬಾಯಿಪಾಠ. ಲಕ್ಷ್ಮೇಶ್ವರದಲ್ಲಿರುವ ಮಗಳು ಯಾಸ್ಮೀನಳ ಮನೆಗೆ ಹೋಗಬೇಕಾದರೂ ನೀರಿನ ಪಾಳಿ ಯಾವತ್ತು ಎಂದು ವಿಚಾರಿಸಿಕೊಂಡೇ ಬಸ್ಸು ಹತ್ತುತ್ತಿದ್ದರು. ಏಳು ವರ್ಷ ಹೀಗೆ ನಡೆದಿತ್ತು.

ನನ್ನ ಲೇಖನದ ಹೆಸರು 'ಹನ್ನೊಂದು ಮನೆಗಳ ನಿಸ್ವಾರ್ಥ ಜೀವ'. ಮೊದಲ ಸಾಲು ಹೀಗಿತ್ತು: 'ಸೇವೆ ಎಂಬ ಪದಕ್ಕೆ ಪ್ರತಿಫಲ ಬಯಸದೆ, ಯಾರಿಂದಲೂ ಏನನ್ನೂ ಪಡೆಯದೆ ದುಡಿಯುವುದು ಎಂದೇ ಅರ್ಥ.' ಯಾವ ನಿಘಂಟನ್ನೂ ನಾನು ತೆರೆದು ನೋಡಿರಲಿಲ್ಲ. ಕಿವಿಗೆ ಇಂಪಾಗಿತ್ತು, ಬರೆದುಬಿಟ್ಟೆ. ಜೊತೆಗೆ ಕೀಲಿಕೈಗಳ ಗೊಂಚಲು ಎತ್ತಿ ಹಿಡಿದ ಹಾಜಿರಾಬಿಯವರ ದೊಡ್ಡ ಫೋಟೋ.

ಒಂಬತ್ತು ದಿನಗಳಲ್ಲಿ ಎಂಟು ಮನೆಯವರು ಬಂದು ಕೀಲಿಕೈ ವಾಪಸ್ ಒಯ್ದರು. ಒಬ್ಬರು ಬೀಗ ಕೆಟ್ಟಿದೆ ಎಂದರು, ಇನ್ನೊಬ್ಬರು ಶಿರಹಟ್ಟಿಯಿಂದ ತಂಗಿ ಬಂದಿರುತ್ತಾಳೆ ಎಂದರು. ಎಲ್ಲವೂ ಸುಳ್ಳು ಎಂದು ಕೊಟ್ಟವರಿಗೂ ಗೊತ್ತು, ಒಯ್ದವರಿಗೂ ಗೊತ್ತು.

ಹೋದ ವಾರ ಈ ಖಬರು ನನಗೆ ಬಂದಾಗ ನಾನು ಮಾಡಿದ್ದು ಇನ್ನೂ ನಾಚಿಕೆಗೇಡು. ಮುಸ್ಲಿಂ ಹೆಂಗಸಿನ ಕೈಯಲ್ಲಿ ತಮ್ಮ ಮನೆಯ ಕೀಲಿಕೈ ಇರುವುದು ಊರಿಗೆಲ್ಲ ತಿಳಿಯಿತಲ್ಲ, ಅದಕ್ಕೇ ಹಿಂಜರಿದಿದ್ದಾರೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ. ಎರಡನೆಯ ಲೇಖನಕ್ಕೆ ಬಿಸಿಬಿಸಿ ಮಾತುಗಳನ್ನು ಜೋಡಿಸಿಕೊಂಡೇ ಓಣಿಗೆ ಹೋದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು, ತಪ್ಪು ಬೇರೆಯವರದಾಗುತ್ತಿತ್ತು.

ಓಣಿಯ ತುದಿಮನೆಯ ಗೋಪಾಲ ಮಾಸ್ತರರು ನನ್ನನ್ನು ಕೂಡಿಸಿ, ಚಹಾ ಕೊಟ್ಟು, ಆಮೇಲೆ ಬೆವರಿಳಿಸಿದರು. ನಿವೃತ್ತ ಕನ್ನಡ ಮಾಸ್ತರರು. ವಾರಕ್ಕೆ ಮೂರು ದಿನ ಮುಂಡರಗಿಯಲ್ಲಿ ಮಗಳು ಆರತಿಯ ಮನೆಯಲ್ಲಿರುತ್ತಾರೆ. ಕೀಲಿಕೈ ವಾಪಸ್ ಒಯ್ದ ಎಂಟು ಜನರಲ್ಲಿ ಅವರೂ ಒಬ್ಬರು.

"ಸೇವಾ ಅಂದ್ರ ಮೂಲದಾಗ ಏನ್ ಗೊತ್ತದ ಏನ್ರಿ ನಿಮಗ? ಹತ್ತಿರ ಇರೋದು. ಬಿಡದಂಗ ಜೋಡಿ ಇರೋದು. ಸಂಸ್ಕೃತದಾಗ ಅದರ ಧಾತುವಿಗೆ ಅದ ಅರ್ಥ. ಪುಕ್ಕಟೆ ಅನ್ನೋ ಮಾತ ಅದರಾಗ ಇಲ್ಲ."

ಹಾಗಾದರೆ ಪುಕ್ಕಟೆ ದುಡಿಮೆಗೆ ಕನ್ನಡದಲ್ಲಿ ಏನೆನ್ನುತ್ತಿದ್ದರು ಎಂದು ಕೇಳಿದೆ.

"ಬಿಟ್ಟಿ. ವಿಷ್ಟಿ ಅನ್ನೋದರಿಂದ ಬಂದ ಶಬ್ದ. ಅರಸರ ಕಾಲದಾಗ ಬಡವರನ್ನ ಹಿಡತಂದು ಮಾಡಸ್ತಿದ್ದ ಕೆಲಸ. ನೀವು ಸೇವಾ ಅಂತ ಬರದ್ರಿ, ಓದಿದವರು ಬಿಟ್ಟಿ ಅಂತ ಓದಿದ್ರು. ಮುಂಡರಗ್ಯಾಗ ನನ್ನ ಮಗಳು ಪೇಪರ್ ಮುಂದ ಹಿಡಕೊಂಡು ಕೇಳಿದ್ಳು, 'ಅಪ್ಪಾ, ಆ ಬಡವಿ ಕಡೆಯಿಂದ ಏಳು ವರ್ಷ ಬಿಟ್ಟಿ ನೀರು ಹೊರಿಸೀರಿ?' ಅಂತ. ನಾ ಏನ್ ಹೇಳ್ಲಿ?" ಮಾಸ್ತರರ ದನಿ ಸಣ್ಣದಾಯಿತು. "ಮಾರನೇ ದಿನಾನ ಹೋಗಿ ಚಾವಿ ಇಸಕೊಂಡೆ. ಆಕಿ ಮುಖಾ ನೋಡಲಿಕ್ಕೆ ಆಗಲಿಲ್ಲ ನೋಡ್ರಿ. ಅಂಜಿಕಿ ಅಲ್ಲ ಅದು. ನಾಚಿಕಿ."

ವಿಮಲಾಬಾಯಿಯವರ ನಾಚಿಕೆ ಸಿಟ್ಟಿನ ರೂಪದಲ್ಲಿತ್ತು. ಅವರು ದಿನಾ ನಸುಕಿನಲ್ಲೇ ಗುಡಿಗೆ ಹೋಗಿ ಕಸ ಗುಡಿಸಿ, ರಂಗೋಲಿ ಹಾಕಿ ಬರುತ್ತಾರೆ. ಅವರ ಮನೆತನಕ್ಕೆ ನಾಲ್ಕು ತಲೆಮಾರಿನಿಂದ ಬಂದ ಕೆಲಸ ಅದು. ಇವತ್ತು ಏಳು ಗಂಟೆಗೆ ಮರಳಿ ಬಂದು ಬಾಗಿಲು ತೆಗೆದರೆ ಒಳಗೆ ಪಾದ ಮುಳುಗುವಷ್ಟು ನೀರು. ಸೆರಗು ಬಿಗಿದು ಬಾರಿಗೆಯಿಂದ ನೀರು ಹೊರಗೆ ತಳ್ಳುತ್ತಿದ್ದವರು ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದರು.

"ಬರ್ರಿ, ಬರ್ರಿ. ಇದನ್ನೂ ಒಂದು ಫೋಟೋ ಹೊಡ್ಕೊಳ್ರಿ. ನಾವೇನು ಕೈಕಾಲ ಇಲ್ಲದವರೇನ್ರಿ? 'ಯಾರಿಂದಲೂ ಏನನ್ನೂ ಪಡೆಯದೆ' ಅಂತ ಅಚ್ಚು ಹಾಕಿಸೀರಿ. ಆಕಿ ಗಂಡ ಮರ್ದಾನಸಾಬ ಲಕ್ವಾ ಹೊಡದು ಬಿದ್ದಾಗ ಆಕಿ ಮನಿಗೆ ಐದು ತಿಂಗಳು ನೀರು ತುಂಬಿದವರ್ಯಾರು? ನಾನು! ಹೋಗ್ಲಿ, ನಾ ಮಾಡಿದ್ದು ದೊಡ್ಡದಲ್ಲ. ಆದ್ರ ಪೇಪರಿನವರ ಮುಂದ ಕೂತು ಯಾರೂ ಏನೂ ಮಾಡಿಲ್ಲ ಅಂತ ಹೇಳ್ತಾಳಂದ್ರ... ಅಷ್ಟು ಮರತಾಳ ಆಕಿ?"

ಹಾಜಿರಾಬಿ ಮರೆತಿರಲಿಲ್ಲ.

ಚೀಲದಿಂದ ಹಳೆಯ ನೋಟುಬುಕ್ಕು ತೆಗೆದು ಆ ಪುಟ ಬಿಚ್ಚಿ ಅವರ ಕೈಗೆ ಕೊಟ್ಟೆ. ಮೊದಲ ಭೇಟಿಯಲ್ಲಿ ಹಾಜಿರಾಬಿ ಹೇಳಿದ್ದು ನನ್ನ ಅಕ್ಷರಗಳಲ್ಲೇ ಅಲ್ಲಿದೆ. ಪಾರ್ಶ್ವವಾಯುವಿನಿಂದ ಗಂಡ ಹಾಸಿಗೆ ಹಿಡಿದಾಗ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಎದುರುಮನೆಯ ತಿರಕಪ್ಪ ತನ್ನ ಮಗ್ಗದ ಕೆಲಸ ಮುಗಿಸಿ ಬಂದು ಅದನ್ನು ನೇಯ್ದು ಇಳಿಸಿದ. ವಿಮಲಾಬಾಯಿ ನೀರು ತುಂಬಿದರು. ಗೋಪಾಲ ಮಾಸ್ತರರು ದಿನಾ ಮಧ್ಯಾಹ್ನ ಬಂದು ಮರ್ದಾನಸಾಬರ ಹಾಸಿಗೆಯ ಪಕ್ಕ ಕೂರುತ್ತಿದ್ದರು, ಆ ಎರಡು ತಾಸು ಹಾಜಿರಾಬಿ ನಿದ್ದೆ ಮಾಡುತ್ತಿದ್ದರು. 'ಅವರು ಮಾಡ್ಯಾರ, ನಾ ಮಾಡ್ತೀನಿ' ಎಂಬ ಅವರ ಮಾತಿಗೆ ನಾನೇ ಅಡಿಗೆರೆ ಎಳೆದಿದ್ದೇನೆ. ಆಮೇಲೆ ಇಡೀ ಪುಟಕ್ಕೆ ಅಡ್ಡಗೆರೆ ಎಳೆದು ಕಾಟು ಹಾಕಿದ್ದೇನೆ.

ಯಾಕೆ ಹಾಕಿದೆ? ಜಾಗ ಸಾಲಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಖರೇ ಹೇಳಬೇಕೆಂದರೆ, ಅದು ಇದ್ದರೆ 'ನಿಸ್ವಾರ್ಥ' ಎಂಬ ಪದ ನಿಲ್ಲುತ್ತಿರಲಿಲ್ಲ. ನನಗೆ ಒಬ್ಬ ದೊಡ್ಡ ಹೆಣ್ಣುಮಗಳು ಬೇಕಾಗಿತ್ತು. ಅವಳನ್ನು ದೊಡ್ಡವಳನ್ನಾಗಿ ಮಾಡಲು ಸುತ್ತಲಿನ ಓಣಿಯನ್ನೆಲ್ಲ ಸಣ್ಣದು ಮಾಡಿದೆ.

ವಿಮಲಾಬಾಯಿ ಕನ್ನಡಕ ತಂದು, ನಿಂತಲ್ಲೇ ಓದಿದರು. "ಇದನ್ನ ಆಕಿನ ಹೇಳಿದ್ಳಾ?" ಎಂದು ಕೇಳಿದರು. ಹೂಂ ಎಂದೆ. ಮತ್ತೆ ಓದಿದರು. "ಆಕಿನಾ?" ಎಂದು ಮತ್ತೊಮ್ಮೆ ಕೇಳಿದರು. "ಅಯ್ಯ ನನ್ನ ದೇವರ! ಎರಡು ತಿಂಗಳಾತು, ಆಕಿ ಎದುರಿಗೆ ಬಂದ್ರ ಈ ಕಡೆ ಮುಖಾ ತಿರುವೀನಿ ನಾ." ನೋಟುಬುಕ್ಕನ್ನು ನನ್ನ ಕೈಗಿಟ್ಟು ಮತ್ತೆ ಬಾರಿಗೆ ಹಿಡಿದರು. ನೀರು ಇನ್ನೂ ಬಹಳ ಇತ್ತು. ನಾನು ಹೊರಟೆ.

ಹಾಜಿರಾಬಿ ತಮ್ಮ ಕಟ್ಟೆಯ ಮೇಲೆ ಕೂತು ಒದ್ದೆ ಪೈಪು ಸುತ್ತುತ್ತಿದ್ದಾರೆ. ಒಂದು ಕಾಲದಲ್ಲಿ ಹನ್ನೊಂದು ಮನೆ ಮುಗಿಸುವಷ್ಟರಲ್ಲಿ ನೀರು ನಿಂತುಹೋಗುತ್ತಿತ್ತು. ಈಗ ಮೂರು ಮನೆಗೆ ಅರ್ಧ ತಾಸು ಸಾಕು. ಸುಮ್ಮನೆ ಕೂರುವುದು ಅವರಿಗೆ ಬರುವುದಿಲ್ಲ, ಸುತ್ತಿದ ಪೈಪನ್ನು ಬಿಚ್ಚಿ ಮತ್ತೆ ಸುತ್ತುತ್ತಾರೆ. ಲೇಖನ ನಿಮಗೆ ಯಾರು ಓದಿ ಹೇಳಿದರು ಎಂದು ಕೇಳಿದೆ. ಕೇಳಬಾರದಿತ್ತು.

"ತಿರಕಪ್ಪ ಓದಿದ. ನನಗ ಓದಾಕ ಬರೂದಿಲ್ಲಲ್ರಿ. ಅವನ ಹೆಸರು ಬರತೈತಿ ಅಂತ ನಾನ ಕರದು ಕುಂಡ್ರಿಸಿದ್ನಿ. ಓದಿದ, ಓದಿದ, ಮುಗಿಸಿದ. ನಡುವ ಬಿಟ್ಟು ಓದಾಕತ್ತೀಯೇನಲೇ, ಮತ್ತೊಮ್ಮೆ ಓದು ಅಂತ ಬೈದ್ನಿ. ಪಾಪ, ಮತ್ತ ಓದಿದ. ಆಮ್ಯಾಲ ಪೇಪರ ಮಡಚಿಟ್ಟು, 'ಇಷ್ಟ ಐತಿ ಖಾಲಾ, ಆತ ಬಿಡ್ರಿ' ಅಂದ. ಅವತ್ತಿಂದ ಓಣ್ಯಾಗ ತಲಿ ಎತ್ತಿ ಅಡ್ಡಾಡಾಕ ಆಗವಲ್ದು ಅಕ್ಕಾರ. ಉಂಡ ಮನಿ ಮರತಾಕಿ ಆಗ್ಬಿಟ್ನಿ ನಾ."

ಹಾಜಿರಾಬಿಯವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ತಿರಕಪ್ಪ ತನ್ನ ಕೀಲಿಕೈ ಒಯ್ದಿಲ್ಲ. ಉಳಿದ ಮೂರರಲ್ಲಿ ಅವನದೂ ಒಂದು. ಅದು ತಿಳಿದು ನಾನು ಇನ್ನಷ್ಟು ಕುಗ್ಗಿದೆ.

ನನ್ನಿಂದ ತಪ್ಪಾಯಿತು ಎಂದೆ. ಎಂಟೂ ಮನೆಗೆ ಹೋಗಿ ಕಾಲಿಗೆ ಬೀಳುತ್ತೇನೆ, ಕೀಲಿಕೈ ಕೇಳುತ್ತೇನೆ ಎಂದೆ. ಅವರು ಗಾಬರಿಯಾಗಿ ಕೈ ಬೀಸಿದರು. "ಬ್ಯಾಡ್ರಿ, ಬ್ಯಾಡ್ರಿ! ಮೊದಲ ನಾಚ್ಕೊಂಡಾರ. ನೀವು ಹೋಗಿ ನಿಂತ್ರ ಇನ್ನೂ ನಾಚ್ಕೋತಾರ. ನಮ್ಮ ತವರೂರು ಅಸುಂಡ್ಯಾಗ ಮುಯ್ಯಾಳು ಅಂತಾರ್ರಿ. ಇವತ್ತ ನೀ ನಮ್ಮ ಹೊಲಕ್ಕ ಬಾ, ನಾಳೆ ನಾ ನಿಮ್ಮ ಹೊಲಕ್ಕ ಬರ್ತೀನಿ. ಯಾರೂ ದೊಡ್ಡವರಲ್ಲ ಅದರಾಗ, ಯಾರೂ ಸಣ್ಣವರಲ್ಲ. ನಾ ಮಾಡಿದ್ದು ಅಷ್ಟ. ನೀವು ಅದಕ್ಕ ಬ್ಯಾರೇ ಹೆಸರಿಟ್ರಿ."

ಈ ಸಲ ಏನೆಂದು ಬರೆಯಲಿ ಎಂದು ಕೇಳಿದೆ. ಅವರು ಬೆರಳು ಮಡಚಿ ಮಡಚಿ ಹೆಸರು ಹೇಳಿದರು. ತಿರಕಪ್ಪ. ಗೋಪಾಲ ಮಾಸ್ತರರು. ವಿಮಲಾಬಾಯಿ. ಅವರವರು ಮಾಡಿದ್ದನ್ನು ಹೇಳಿ, ನಾನು ಬರೆದುಕೊಂಡದ್ದನ್ನು ಓದಿಸಿ ಕೇಳಿ, ಒಂದು ಕಡೆ ತಿದ್ದಿಸಿದರು. ಆಮೇಲೆ ಹೇಳಿದರು:

"ನಿಸ್ವಾರ್ಥ ಅಂತ ಮತ್ತ ಬರೀಬ್ಯಾಡ್ರಿ. ನನಗ ಸ್ವಾರ್ಥ ಐತಿ, ಅದನ್ನೂ ಬರೀರಿ. ಯಜಮಾನರು ತೀರ್ಕೊಂಡು, ಮಗಳ ಮದುವಿ ಆದಿಂದ ಒಬ್ಬಾಕಿನ ಇರ್ತೀನಿ. ನಾಳೆ ಒಳಗ ಬಿದ್ನೆಂದ್ರ ಬಾಗಲಾ ತಗಿಯಾಕ ಮಂದಿ ಬೇಕಲ್ರಿ."

ಈಗ ಯಾರು ತೆಗೆಯುತ್ತಾರೆ ಖಾಲಾ, ಎಂದುಬಿಟ್ಟೆ.

ಹಾಜಿರಾಬಿ ನನ್ನ ಮುಖ ನೋಡಿದರು. ಇಷ್ಟೂ ತಿಳಿಯುವುದಿಲ್ಲವೇ ಇವಳಿಗೆ ಎನ್ನುವಂಥ ನೋಟ.

"ನನ್ನ ಮನಿ ಚಾವಿ ಏಳು ವರ್ಷದಿಂದ ವಿಮಲಾಬಾಯಿ ಕಡೆ ಐತಿ. ತಮ್ದು ಇಸಕೊಂಡು ಹೋದ್ರು. ನಂದು ತಂದು ಕೊಟ್ಟಿಲ್ಲ. ನಾನೂ ಕೇಳಿಲ್ಲ."